ಮೂರು ಸಾವಿರ ಕೋಟಿ ಕಣಗಳ ಮಧ್ಯೆ ಐದು ಕ್ಯಾನ್ಸರ್ ಕೋಶ, ಅದನ್ನ ಮ್ಯಾಗ್ನೆಟ್ ಹೇಗೆ ಹಿಡಿಯತ್ತೆ

ಬೇಸಿಗೇಲಿ ತುಂಗೆ ನೀರು ಇಳಿದಾಗ ತೀರ್ಥಹಳ್ಳಿ ಹತ್ರ ಹೊಳೆ ಮರಳ ಮೇಲೆ ಹಳೇ ರೇಡಿಯೋ ಸ್ಪೀಕರಿನ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಎಳ್ಕೊಂಡು ಹೋಗೋದು ನಮ್ಮ ಚಿಕ್ಕಂದಿನ ಆಟ, ಹತ್ತು ಹೆಜ್ಜೆ ನಡೆದು ತಿರುಗಿಸಿ ನೋಡಿದ್ರೆ ಮ್ಯಾಗ್ನೆಟ್ ಸುತ್ತ ಕರೀ ಗಡ್ಡ ಬೆಳೆದ ಹಾಗೆ ಸಣ್ಣ ಸಣ್ಣ ಕಣ. ಬಿಳೀ ಮರಳು ಒಂದೂ ಬರಲ್ಲ, ಕರೀದು ಮಾತ್ರ. ಅದು ಮ್ಯಾಗ್ನೆಟೈಟ್, ಕಬ್ಬಿಣ ಆಕ್ಸಿಜನ್ ಸೇರಿ ಆಗಿದ್ದು. ತುಂಗೆ ಹುಟ್ಟೋ ಗಂಗಾಮೂಲದ ಕಡೆ ಕುದುರೆಮುಖದಲ್ಲಿ 2005ರ ಕೊನೆವರೆಗೂ ಅಗೆದು ತೆಗೀತಿದ್ರಲ್ಲ, ಆ ಅದಿರಲ್ಲೂ ಇದೇ ಇತ್ತು.

ಇದೇ ಮ್ಯಾಗ್ನೆಟೈಟನ್ನ ಲ್ಯಾಬಲ್ಲಿ ಕಣ್ಣಿಗೇ ಕಾಣದಷ್ಟು ಸಣ್ಣ ಕಣವಾಗಿ ತಯಾರು ಮಾಡಿ ರಕ್ತದಲ್ಲಿರೋ ಕ್ಯಾನ್ಸರ್ ಕೋಶನ ಹಿಡೀತಾರೆ ಅಂತ ಓದಿದಾಗ ನಂಗೆ ಮೊದಲು ನೆನಪಾಗಿದ್ದು ಆ ಹೊಳೆ ಮರಳು, ಆಮೇಲೆ ನಮ್ಮ ಚಿಕ್ಕಮ್ಮ. ಚಿಕ್ಕಮ್ಮಂಗೆ ಸ್ತನದ ಕ್ಯಾನ್ಸರ್ ಆಗಿ ಆಪರೇಷನ್ ಆಯ್ತು. ಅದಾದ ಮೇಲೆ ಒಂದಿನ ಜಗಲೀಲಿ ಅಡಿಕೆ ಸುಲೀತಾ ಕೂತಿದ್ದಾಗ ಕೇಳಿದ್ರು, "ಗಡ್ಡೆ ಪೂರ್ತಿ ತೆಗ್ದಾಯ್ತು ಅಂದ್ರಲ್ಲ ಮಾರಾಯ, ಮತ್ಯಾಕೆ ಕೀಮೋ?"

ಸರಿಯಾದ ಪ್ರಶ್ನೆ ಅದು. ಗಡ್ಡೆ ಒಂದೇ ಜಾಗದಲ್ಲಿ ಕೂತಿರೋವರೆಗೆ ಕತ್ತರಿಸಿ ತೆಗೀಬಹುದು, ಆದ್ರೆ ಅದರಿಂದ ಕೆಲವು ಕೋಶ ಕಳಚ್ಕೊಂಡು ರಕ್ತಕ್ಕೆ ಇಳಿದಿದ್ರೆ ಕತ್ತರಿ ಅಲ್ಲಿಗೆ ಹೋಗಲ್ಲ, ಕೀಮೋ ಹೋಗತ್ತೆ. 1869ರಲ್ಲೇ ಆಸ್ಟ್ರೇಲಿಯಾದ ಡಾಕ್ಟರ್ ಥಾಮಸ್ ಆಶ್‌ವರ್ತ್ ಕ್ಯಾನ್ಸರಿಂದ ತೀರಿಹೋದ ಒಬ್ಬರ ರಕ್ತನ ಮೈಕ್ರೋಸ್ಕೋಪಲ್ಲಿ ಇಟ್ಟು ನೋಡಿ, ಗಡ್ಡೇಲಿ ಇರೋ ಥರದ್ದೇ ಕೋಶ ರಕ್ತದಲ್ಲೂ ಇದೆ ಅಂತ ಬರೆದಿಟ್ರು. ಅಂಥ ಹೆಚ್ಚಿನ ಕೋಶಗಳು ರಕ್ತದಲ್ಲಿ ಕೆಲವೇ ಗಂಟೆ ಬದುಕೋದು. ಬದುಕಿ ಉಳಿದ ಒಂದೋ ಎರಡೋ ಹೋಗಿ ಮೂಳೇಲೋ ಲಿವರಲ್ಲೋ ಶ್ವಾಸಕೋಶದಲ್ಲೋ ಬೇರು ಬಿಟ್ರೆ ಕಾಯಿಲೆ ಹರಡ್ತು ಅಂತ ಅರ್ಥ.

ಇವು ಎಷ್ಟು ಅಪರೂಪ ಅಂದ್ರೆ, ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣ ಇರತ್ತೆ. ಪರೀಕ್ಷೆಗೆ ತಗೊಳ್ಳೋದು 7.5 ಮಿಲಿ, ಅಂದ್ರೆ ಒಂದೂವರೆ ಟೀ ಚಮಚ, ಅದರಲ್ಲೇ ಮೂರು ಸಾವಿರ ಕೋಟಿ ದಾಟತ್ತೆ, ಜೊತೆಗೆ ಬಿಳಿ ಕಣಗಳು ಕೋಟಿಗಟ್ಟಲೆ. ಅದರ ಮಧ್ಯೆ ಕ್ಯಾನ್ಸರ್ ಕೋಶ ಐದು ಇದ್ರೂ ಅದು ಜಾಸ್ತಿ ಅನ್ನೋ ಲೆಕ್ಕ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ, ಸಾವಿರ ಭತ್ತದ ಕಾಳು 25 ಗ್ರಾಂ ತೂಗತ್ತೆ ಅಂತ ಇಟ್ಕೊಂಡ್ರೆ ಅಷ್ಟು ಕಾಳಿಗೆ ಹತ್ತು ಟನ್ನಿನ ಲಾರಿ ತೊಂಬತ್ತು ಹತ್ರ ಬೇಕು, ಆ ತೊಂಬತ್ತು ಲಾರಿ ಭತ್ತದಲ್ಲಿ ಬೇರೆ ಜಾತಿಯ ಐದು ಕಾಳನ್ನ ಒಂದೂ ಬಿಡದೆ ಆರಿಸ್ಬೇಕು. ಕೈಯಿಂದ ಆಗೋ ಕೆಲಸ ಅಲ್ಲ.

ಇಷ್ಟು ಹೇಳಿದಾಗ ಚಿಕ್ಕಮ್ಮ ಇನ್ನೊಂದು ಕೇಳಿದ್ರು. "ರಕ್ತದಲ್ಲೇ ಕಬ್ಬಿಣ ಇರತ್ತಲ್ಲ, ಮ್ಯಾಗ್ನೆಟ್ ಇಟ್ರೆ ಎಲ್ಲಾ ರಕ್ತನೂ ಎಳ್ಕೊಂಡು ಬರಲ್ವ?" ಎಷ್ಟೋ ಓದಿದವರಿಗೂ ಹೊಳೆಯದ ಪ್ರಶ್ನೆ! ಹಿಮೋಗ್ಲೋಬಿನ್ನಿನ ಕಬ್ಬಿಣ ಮೊಳೆಯ ಕಬ್ಬಿಣದ ಹಾಗಲ್ಲ, ಒಂದೊಂದು ಪರಮಾಣುನೂ ದೊಡ್ಡ ಪ್ರೋಟೀನ್ ಮಧ್ಯೆ ಒಂಟಿಯಾಗಿ ದೂರ ದೂರ ಕೂತಿರತ್ತೆ, ಎಲ್ಲಾ ಸೇರಿ ಒಂದೇ ಕಡೆ ಎಳೆಯೋಕೆ ಆಗಲ್ಲ. ಆಕ್ಸಿಜನ್ ತುಂಬಿದ ಹಿಮೋಗ್ಲೋಬಿನ್ನನ್ನ ಮ್ಯಾಗ್ನೆಟ್ ಒಂಚೂರು ದೂರ ತಳ್ಳತ್ತೆ, ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನನ್ನ ಒಂಚೂರು ಹತ್ರ ಎಳ್ಯತ್ತೆ, ಇದನ್ನ 1936ರಲ್ಲಿ ವಿಜ್ಞಾನಿಗಳಾದ ಲೈನಸ್ ಪೌಲಿಂಗ್ ಮತ್ತೆ ಚಾರ್ಲ್ಸ್ ಕೊರಿಯೆಲ್ ಅಳೆದು ತೋರಿಸಿದ್ರು. ಎರಡೂ ತೀರಾ ಕಮ್ಮಿ. ಅದಕ್ಕೇ ನಾವು ಎಂಆರ್‌ಐ ಮಷಿನ್ ಒಳಗೆ ಮಲಗಿ ಸುಮ್ಮನೆ ಎದ್ದು ಬರ್ತೀವಿ.

ಹಾಗಾಗಿ ರಕ್ತದಲ್ಲಿ ಮ್ಯಾಗ್ನೆಟ್ಟಿಗೆ ಓಗೊಡೋದು ನಾವು ಹಾಕಿದ ಕಣ ಮಾತ್ರ. ಈ ಕಣದ ಗುಣದ ಬಗ್ಗೆ ಎಷ್ಟು ಹೇಳಿದ್ರೂ ನಂಗೆ ಸಾಕಾಗಲ್ಲ. ಗುಂಡುಸೂಜಿನ ಮ್ಯಾಗ್ನೆಟ್ಟಿಗೆ ಉಜ್ಜಿದ್ರೆ ಸೂಜಿನೂ ಮ್ಯಾಗ್ನೆಟ್ ಆಗತ್ತೆ, ಆಮೇಲೆ ಮ್ಯಾಗ್ನೆಟ್ ಅತ್ಲಾಗಿಟ್ರೂ ಒಂದಕ್ಕೊಂದು ಅಂಟ್ಕೊಂಡು ಗುಂಪಾಗತ್ತೆ. ಕಣಗಳು ರಕ್ತದಲ್ಲಿ ಹಾಗೆ ಗುಂಪು ಕಟ್ಟಿದ್ರೆ ಕೆಲಸ ಕೆಟ್ಟಿತು, ಕಂಡ ಕಂಡ ಕೋಶನೆಲ್ಲ ಮಧ್ಯದಲ್ಲಿ ಸಿಕ್ಕಿಸ್ಕೊಂಡು ಮುದ್ದೆ ಆಗ್ಬಿಡತ್ತೆ. ಆದ್ರೆ ಮ್ಯಾಗ್ನೆಟೈಟ್ ಹರಳು ಸುಮಾರು 20-30 ನ್ಯಾನೋಮೀಟರಿಗಿಂತ ಸಣ್ಣದಾದಾಗ (ಒಂದು ಮಿಲಿಮೀಟರಲ್ಲಿ ಹತ್ತು ಲಕ್ಷ ನ್ಯಾನೋಮೀಟರ್, ನಮ್ಮ ತಲೆಗೂದಲ ದಪ್ಪನೇ ಹತ್ತಾರು ಸಾವಿರ ನ್ಯಾನೋಮೀಟರ್) ಕೋಣೆಯ ಶಾಖವೊಂದೇ ಸಾಕು, ಅದರ ಉತ್ತರ ದಕ್ಷಿಣ ಕ್ಷಣಕ್ಷಣಕ್ಕೂ ತಿರುಗಿ ಬೀಳ್ತಾ ಇರತ್ತೆ, ಒಟ್ಟಿನಲ್ಲಿ ಮ್ಯಾಗ್ನೆಟ್ ಅಲ್ಲವೇ ಅಲ್ಲ ಅನ್ನೋ ಹಾಗೆ ಇರತ್ತೆ. ಹೊರಗಿಂದ ಮ್ಯಾಗ್ನೆಟ್ ತಂದ ತಕ್ಷಣ ಎಲ್ಲಾ ಒಂದೇ ದಿಕ್ಕಿಗೆ ಸಾಲಾಗಿ ನಿಂತು ಜೋರಾಗಿ ಓಡಿ ಬರತ್ತೆ, ಮ್ಯಾಗ್ನೆಟ್ ತೆಗೆದ್ರೆ ಎಲ್ಲಾ ಮರೆತು ನೀರಲ್ಲಿ ಚೆದುರತ್ತೆ. ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಅಂತಾರೆ ಇದಕ್ಕೆ. ಹಿಡಿಯೋದು ಯಾವ ಮ್ಯಾಗ್ನೆಟ್ಟಿಗಾದ್ರೂ ಬರತ್ತೆ, ಬಿಡು ಅಂದಾಗ ಬಿಡೋದು ಬರೋದು ಈ ಕಣಕ್ಕೆ. ಪರೀಕ್ಷೇಲಿ ಬಳಸೋ ಕಣ ನೂರಾರು ನ್ಯಾನೋಮೀಟರ್ ಇದ್ರೂ ಒಳಗಿರೋದು ಇಂಥ ಸಣ್ಣ ಹರಳುಗಳೇ.

ಕ್ಯಾನ್ಸರ್ ಕೋಶನೇ ಹುಡುಕಿ ಅಂಟ್ಕೊಳ್ಳೋ ಹಾಗೆ ಮಾಡೋದು ಆಂಟಿಬಾಡಿ, ಅಂದ್ರೆ ತನಗೆ ಹೊಂದೋ ಒಂದೇ ಗುರುತಿಗೆ ಅಂಟೋ ಪ್ರೋಟೀನ್. ಮಳೆ ಬಿಟ್ಟ ಮೇಲೆ ಗದ್ದೆ ಬದಿಗೆ ಓಡಾಡಿದ್ರೆ ಪಂಚೆ ತುಂಬ ಅಂಟುಬೀಜ ಹಿಡ್ಕೊಳ್ಳತ್ತಲ್ಲ, ಹತ್ತಿ ಬಟ್ಟೆ ಆದ್ರೆ ಹಿಡಿಯತ್ತೆ, ಪ್ಲಾಸ್ಟಿಕ್ ರೇನ್‌ಕೋಟ್ ಆದ್ರೆ ಜಾರತ್ತೆ, ಹಾಗೆ. ಸ್ತನದ ಹಾಲಿನ ನಾಳ, ಕರುಳಿನ ಒಳಪದರ ಇಂಥ ಕಡೆ ಹುಟ್ಟೋ ಕೋಶದ ಮೈಮೇಲೆ ಎಪ್‌ಕ್ಯಾಮ್ ಅನ್ನೋ ಪ್ರೋಟೀನ್ ಇರತ್ತೆ, ರಕ್ತಕಣದ ಮೇಲೆ ಇರಲ್ಲ. ಎಪ್‌ಕ್ಯಾಮ್‌ಗೆ ಮಾತ್ರ ಅಂಟೋ ಆಂಟಿಬಾಡಿನ ಕಣಕ್ಕೆ ಹಚ್ಚಿ ಟ್ಯೂಬಲ್ಲಿರೋ ರಕ್ತಕ್ಕೆ ಹಾಕಿದ್ರೆ ಆ ಕೋಶದ ಮೈತುಂಬ ಕಣ ಮೆತ್ಕೊಳ್ಳತ್ತೆ. ಟ್ಯೂಬಿನ ಪಕ್ಕ ಮ್ಯಾಗ್ನೆಟ್ ಇಟ್ರೆ ಕಣದ ಜೊತೆ ಕೋಶನೂ ಗೋಡೆಗೆ ಬಂದು ನಿಲ್ಲತ್ತೆ, ಉಳಿದಿದ್ದನ್ನ ಬಸಿದು, ಮ್ಯಾಗ್ನೆಟ್ ತೆಗೆದು ಹೊಸ ದ್ರವ ಹಾಕಿ ಕಲಕಿ ಮತ್ತೆ ಹಿಡಿದು, ಅಕ್ಕಿ ತೊಳೆದ ಹಾಗೆ ತೊಳೀತಾರೆ. ಅಷ್ಟಾದ್ರೂ ಸಾವಿರಾರು ಬಿಳಿ ಕಣ ಜೊತೇಲೇ ಉಳಿದಿರತ್ತೆ, ಅದಕ್ಕೆ ಬಣ್ಣ ಹಾಕಿ ನೋಡ್ಬೇಕು. ನ್ಯೂಕ್ಲಿಯಸ್ ಇರ್ಬೇಕು, ಇಂಥ ಒಳಪದರದ ಕೋಶದಲ್ಲಿರೋ ಸೈಟೋಕೆರಾಟಿನ್ ಅನ್ನೋ ಪ್ರೋಟೀನಿನ ಬಣ್ಣ ಹತ್ತಬೇಕು, ಬಿಳಿ ಕಣದ ಗುರುತಾದ ಸಿಡಿ45 ಬಣ್ಣ ಹತ್ತಬಾರದು, ಆಗ ಒಂದು ಅಂತ ಎಣಿಸೋದು.

ಸೆಲ್‌ಸರ್ಚ್ ಅನ್ನೋ ಯಂತ್ರಕ್ಕೆ ಅಮೆರಿಕದಲ್ಲಿ 2004ರಲ್ಲೇ ಅನುಮತಿ ಸಿಕ್ಕಿದೆ. ಅದರ ರಕ್ತದ ಟ್ಯೂಬಲ್ಲಿ ಕೋಶ ಕೆಡದ ಹಾಗೆ ಇಡೋ ದ್ರವ ಇರತ್ತೆ, ಫ್ರಿಜ್ ಇಲ್ದೆ 96 ಗಂಟೆ ತಡೆಯತ್ತೆ, ದೊಡ್ಡ ಲ್ಯಾಬಿಂದ ದೂರ ಇರೋ ನಮ್ಮಂಥ ಊರಿನವರಿಗೆ ಇದು ಸಣ್ಣ ವಿಷಯ ಅಲ್ಲ. ಅದೇ 2004ರಲ್ಲಿ, ಸ್ತನದ ಕ್ಯಾನ್ಸರ್ ಬೇರೆ ಕಡೆಗೂ ಹರಡಿದ್ದ 177 ಹೆಂಗಸರ ಅಧ್ಯಯನ ಬಂತು. 7.5 ಮಿಲೀಲಿ ಐದು ಅಥವಾ ಅದಕ್ಕಿಂತ ಜಾಸ್ತಿ ಕೋಶ ಇದ್ದವರಲ್ಲಿ ಅರ್ಧ ಜನ ಸುಮಾರು ಹತ್ತು ತಿಂಗಳಲ್ಲಿ ತೀರಿಹೋದ್ರು, ಐದಕ್ಕಿಂತ ಕಮ್ಮಿ ಇದ್ದವರಿಗೆ ಆ ಲೆಕ್ಕ 18 ತಿಂಗಳು ದಾಟ್ತು.

ಹಾಗಾದ್ರೆ ಕೋಶ ಕಮ್ಮಿ ಆಗಿಲ್ಲ ಅಂತ ಗೊತ್ತಾದ ತಕ್ಷಣ ಔಷಧಿ ಬದಲಾಯಿಸಿದ್ರೆ ಆಯುಷ್ಯ ಹೆಚ್ಚತ್ತಾ? ಅಮೆರಿಕದಲ್ಲಿ ಅದನ್ನೂ ಪರೀಕ್ಷೆ ಮಾಡಿದ್ರು, 2014ರಲ್ಲಿ ಬಂದ ಉತ್ತರ: ಹೆಚ್ಚಲಿಲ್ಲ. ಒಂದು ಕೀಮೋಗೆ ಬಗ್ಗದ ಕಾಯಿಲೆ ಇನ್ನೊಂದು ಕೀಮೋಗೂ ಬಗ್ಗಲಿಲ್ಲ. ಇದನ್ನ ಮುಚ್ಚಿಟ್ಟು ಬರೆಯೋದು ಕಾಯಿಲೆಯವರಿಗೆ ಮಾಡೋ ಮೋಸ. ಮ್ಯಾಗ್ನೆಟ್ ಇಟ್ಟು ರಕ್ತ ಕ್ಲೀನ್ ಮಾಡಿ ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ದುಡ್ಡು ಕೊಡ್ಬೇಡಿ, ಇದು ಕಾಯಿಲೆ ಎಲ್ಲಿಗೆ ಬಂತು ಅಂತ ತಿಳಿಯೋ ದಾರಿ, ಔಷಧಿ ಅಲ್ಲ.

ಬರೀ ಎಣಿಸೋದಕ್ಕಿಂತ ಹಿಡಿದ ಕೋಶದ ಒಳಗೇನಿದೆ ಅಂತ ಓದೋದ್ರಲ್ಲಿ ನಂಗೆ ಜಾಸ್ತಿ ಭರವಸೆ. ಅದೇ 2014ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ 62 ಜನರ ರಕ್ತದಿಂದ ಮ್ಯಾಗ್ನೆಟ್ ಕಣದಲ್ಲಿ ಕೋಶ ಹಿಡಿದು ಎಆರ್-ವಿ7 ಅನ್ನೋ ಬದಲಾವಣೆ ಇದೆಯಾ ನೋಡಿದ್ರು. ಇದ್ದ 18 ಜನರಲ್ಲಿ ಎಂಜಲುಟಮೈಡ್ ಅಥವಾ ಅಬಿರಾಟೆರೋನ್ ಮಾತ್ರೆ ತಗೊಂಡು ಪಿಎಸ್‌ಎ (ಈ ಕ್ಯಾನ್ಸರಿನ ಏರಿಳಿತ ತಿಳಿಯೋಕೆ ರಕ್ತದಲ್ಲಿ ಅಳೆಯೋ ಪ್ರೋಟೀನ್) ಅರ್ಧಕ್ಕೆ ಇಳಿದವರು ಒಬ್ಬರೂ ಇಲ್ಲ. ಅಷ್ಟು ದುಬಾರಿ ಮಾತ್ರೆ ನಮಗೆ ಹಿಡಿಯಲ್ಲ ಅಂತ ರಕ್ತದಲ್ಲೇ ಮೊದಲೇ ತಿಳಿಯೋ ಹಾಗಾದ್ರೆ ತೋಟ ಅಡ ಇಡೋದಾದ್ರೂ ತಪ್ಪತ್ತೆ.

ಅಡಿಕೆ ಬೆಳೆಯೋ ಮನೆಯವನಾಗಿ ಇನ್ನೊಂದು ಹೇಳ್ಬೇಕು. ಅಡಿಕೆ ಅಗಿಯೋದ್ರಿಂದ ಕ್ಯಾನ್ಸರ್ ಬರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪಟ್ಟಿಗೆ ಸೇರಿಸಿದೆ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಹಿಡಿಯೋಕೆ ನ್ಯಾನೋ ಕಣ ಬೇಡ, ಕವಳ ಹಾಕೋರು ಬಾಯಲ್ಲಿ ವಾಸಿಯಾಗದ ಹುಣ್ಣು, ಬಿಳೀ ಕೆಂಪು ಮಚ್ಚೆ ಕಂಡ್ರೆ ಟಾರ್ಚ್ ಹಾಕಿ ನೋಡೋ ಡಾಕ್ಟರ್ ಹತ್ರ ಅದೇ ವಾರ ಹೋಗಿ.

ಚಿಕ್ಕಮ್ಮಂಗೆ ನಾನು ಇದನ್ನೆಲ್ಲ ಹೇಳಿದ್ದು ಒಂದು ಹಾಳೆ ಮೇಲೆ ಹೊಳೆ ಮರಳು ಹರಡಿ, ಕೆಳಗಿಂದ ಮ್ಯಾಗ್ನೆಟ್ ಆಡಿಸಿ ತೋರಿಸ್ತಾ. ಕರೀ ಕಣ ಒಂದು ಮೂಲೆಗೆ ಬಂದು ಸೇರಿದ್ದನ್ನ ಬೆರಳಲ್ಲಿ ಮುಟ್ಟಿ ನೋಡಿ, "ರೇನ್‌ಕೋಟ್ ಹಾಕ್ಕೊಂಡು ತಪ್ಪಿಸ್ಕೊಂಡ್ರೆ?" ಅಂದ್ರು. ನಿಜವಾಗ್ಲೂ ಹಾಗಾಗತ್ತೆ, ಕೆಲವು ಕ್ಯಾನ್ಸರ್ ಕೋಶ ಗಡ್ಡೆಯಿಂದ ಕಳಚ್ಕೊಳ್ಳೋವಾಗ ಎಪ್‌ಕ್ಯಾಮ್ ಕಳ್ಕೊಂಡ್ಬಿಡತ್ತೆ, ಕಣ ಅಂಟಲ್ಲ, ಹಾಗೆ ವೇಷ ಬದಲಾಯಿಸಿದ್ದೇ ಹರಡೋಕೆ ಜಾಸ್ತಿ ಗಟ್ಟಿ ಇರಬಹುದು. ಅದಕ್ಕೆ ಈಗ ಕೆಲವರು ಕೆಲಸನ ತಿರುಗಿಸಿ ಹಿಡಿದಿದ್ದಾರೆ. ಆಂಟಿಬಾಡಿನ ಬಿಳಿ ಕಣದ ಸಿಡಿ45ಗೆ ಹೊಂದಿಸಿ, ಕೆಂಪು ಕಣನ ಒಡೆದು ಕರಗಿಸಿ, ಬಿಳಿ ಕಣನ ಮ್ಯಾಗ್ನೆಟ್ಟಲ್ಲಿ ಎಳೆದು ಹೊರಗೆ ಹಾಕೋದು, ಟ್ಯೂಬಲ್ಲಿ ಕೊನೆಗೆ ಯಾರು ಉಳೀತಾರೋ ಅವರನ್ನ ಕೂರಿಸಿ ನೋಡೋದು. "ಕಳೆ ಕಿತ್ತ ಹಾಗಾಯ್ತು" ಅಂದ್ರು ಚಿಕ್ಕಮ್ಮ. ಹಾಳೆ ಮೇಲಿದ್ದ ಕರೀ ಮರಳನ್ನ ಒಂದು ಪೊಟ್ಟಣಕ್ಕೆ ಹಾಕಿ ಎತ್ತಿಟ್ಟುಕೊಂಡ್ರು, ಮೊಮ್ಮಗಳು ರಜಕ್ಕೆ ಬಂದಾಗ ತೋರಿಸ್ಬೇಕಂತೆ.