ಕಲಾಯಿ ವಾಸನೆಯ ಪೆಪ್ಪರಮೆಂಟು

ಆ ಕರಿ ಪೆಪ್ಪರಮೆಂಟನ್ನು ಬಾಯಿಗೆ ಹಾಕಿಕೊಂಡು ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹುಬ್ಬು ಗಂಟಿಕ್ಕಿ, "ಇದು ಕಲಾಯಿ ವಾಸನಿ ಬರ್ತೈತಲ್ಲೋ" ಅಂದಳು.

ಬಾಗಲಕೋಟೆ ನವನಗರದ ನಮ್ಮ ಮನೆಗೆ ಅದು ಬಂದದ್ದು ಫಿನ್‌ಲೆಂಡಿನಿಂದ. ಅಲ್ಲಿ ಓದುತ್ತಿರುವ ಅಕ್ಕನ ಮಗ ರಜೆಗೆ ಬಂದಾಗ ಒಂದು ಪುಟ್ಟ ಡಬ್ಬಿ ತಂದಿದ್ದ. ಹೆಸರು ಸಾಲ್ಮಿಯಾಕ್ಕಿ. ಅಲ್ಲಿನ ಮಕ್ಕಳು, ಮುದುಕರು ಎಲ್ಲರೂ ಚಪ್ಪರಿಸುವ ತಿನಿಸು. "ಒಂದ ತಿನ್ನು ಮಾಮಾ, ಆದ್ರ ಲಗೂನ ಉಗುಳಬ್ಯಾಡ" ಅಂತ ಮೊದಲೇ ಹೇಳಿದ. ನಾಲಿಗೆಗೆ ಮೊದಲು ತಾಗಿದ್ದು ಉಪ್ಪು. ಅದರ ಬೆನ್ನಿಗೇ ಕಹಿ. ಆಮೇಲೆ ಗಂಟಲಿನ ಹಿಂದಿನಿಂದ ಮೂಗಿಗೆ ಏರಿದ ಒಂದು ಘಾಟು. ಎಲ್ಲ ಮುಗಿಯಿತು ಅನ್ನುವಾಗ ನಿಧಾನಕ್ಕೆ ಬಂದು ಕೂತ ಸಿಹಿ.

ಅವ್ವ ಹೇಳಿದ್ದು ಸರಿಯೇ ಆಗಿತ್ತು. ಸಾಲ್ಮಿಯಾಕ್ಕಿಯ ಮುಖ್ಯ ರುಚಿ ಅಮೋನಿಯಂ ಕ್ಲೋರೈಡ್‌ನದು. ನಾವು ಅದನ್ನೇ ನವಸಾಗರ ಅನ್ನುವುದು. ಕೆಲವು ಕೆಮ್ಮಿನ ಸಿರಪ್ಪುಗಳಲ್ಲೂ ಅದು ಇರುತ್ತದೆ. ಕಲಾಯಿಯವರ ಚೀಲದಲ್ಲಂತೂ ಇದ್ದೇ ಇರುತ್ತಿತ್ತು.

ಮುಳುಗಡೆಗೆ ಮುಂಚೆ, ಆಲಮಟ್ಟಿ ಹಿನ್ನೀರು ಬರುವ ಮೊದಲು, ಹಳೆ ಬಾಗಲಕೋಟೆಯ ನಮ್ಮ ಓಣಿಗೆ ಕಲಾಯಿಯವರು ಬರುತ್ತಿದ್ದರು. ಗಿಡದ ನೆರಳಿಗೆ ಸಣ್ಣ ಕುಣಿ ತೋಡಿ, ಕೆಂಡ ಹಾಕಿ, ತಿದಿ ಒತ್ತುತ್ತಿದ್ದರು. ಹಿತ್ತಾಳೆ ಬೋಗುಣಿ ಕಾದು ಬಂದಾಗ ಅದರೊಳಗೆ ನವಸಾಗರದ ಪುಡಿ ಉದುರಿಸುತ್ತಿದ್ದರು. ಬುಸ್ ಅಂತ ಬಿಳಿ ಹೊಗೆ ಏಳುತ್ತಿತ್ತು. ನಾವು ಹುಡುಗರು ಮೂಗು ಮುಚ್ಚಿಕೊಂಡು, ಆದರೆ ಒಂದು ಹೆಜ್ಜೆಯೂ ಹಿಂದೆ ಸರಿಯದೆ ನಿಲ್ಲುತ್ತಿದ್ದೆವು. ಅಷ್ಟರಲ್ಲಿ ತವರದ ಕಡ್ಡಿ ಸವರಿ, ಹತ್ತಿಯಿಂದ ಒಂದೇ ಸಲ ಉಜ್ಜಿದರೆ ಬೋಗುಣಿಯ ಒಳಗೆ ಬೆಳ್ಳಿ ಬಳಿದಂತೆ ಆಗುತ್ತಿತ್ತು.

ಆ ಹೊಗೆಯ ಕೆಲಸ ಸೊಗಸಾದದ್ದು. ನವಸಾಗರ ಕಾದಾಗ ಒಡೆದು ಎರಡು ಅನಿಲಗಳಾಗುತ್ತದೆ. ಒಂದು ಅಮೋನಿಯಾ, ಇನ್ನೊಂದು ಹೈಡ್ರೋಜನ್ ಕ್ಲೋರೈಡ್. ಎರಡನೆಯದು ಲೋಹದ ಮೇಲಿನ ಆಕ್ಸೈಡ್ ಪದರವನ್ನು ತಿಂದು ಹಾಕುತ್ತದೆ. ಮೈ ಸ್ವಚ್ಛವಾದರೆ ಮಾತ್ರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ತವರ ಅಲ್ಲಿ ಹಿಡಿದು ಕೂರುತ್ತದೆ. ಉಳಿದ ಅನಿಲಗಳು ಮೇಲೆ ತಣ್ಣಗಿನ ಗಾಳಿಯಲ್ಲಿ ಮತ್ತೆ ಕೂಡಿ ನವಸಾಗರವೇ ಆಗುತ್ತವೆ. ನಾವು ನೋಡುತ್ತಿದ್ದ ಬಿಳಿ ಹೊಗೆ ಅದೇ. ಮೂಗಿಗೆ ಹೊಡೆಯುತ್ತಿದ್ದ ಘಾಟು ಅಮೋನಿಯಾದ್ದು.

ಬಾಯೊಳಗೆ ಬೆಂಕಿ ಇಲ್ಲ, ಅಲ್ವಾ? ಆದರೂ ಸ್ವಲ್ಪ ಅಮೋನಿಯಾ ಹುಟ್ಟುತ್ತದೆ. ನವಸಾಗರ ಎಂಜಲಿನಲ್ಲಿ ಕರಗಿದಾಗ ಅಮೋನಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು, ಬಿಡಿಯಾಗುತ್ತವೆ. ಅವುಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಪಾಲು ಅಮೋನಿಯಾ ರೂಪದಲ್ಲಿರುತ್ತದೆ. ಅಷ್ಟೇ ಸಾಕು.

ನಾಲಿಗೆ ಅದನ್ನು ಗುರುತಿಸುವುದು ಹೇಗೆ ಅನ್ನುವುದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು 2023ರಲ್ಲಿ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಲೀಮನ್ ಅವರ ತಂಡ ಇಲಿಗಳ ಮೇಲೆ ಪ್ರಯೋಗ ಮಾಡಿತು. ಹುಳಿ ಗುರುತಿಸುವ ಜೀವಕೋಶಗಳಲ್ಲಿ ಓಟಾಪ್1 ಎಂಬ ಪ್ರೋಟೀನ್ ಇದೆ. ಅದು ಪ್ರೋಟಾನುಗಳು, ಅಂದರೆ ಹುಳಿಗೆ ಕಾರಣವಾಗುವ ಹೈಡ್ರೋಜನ್ ಅಯಾನುಗಳು, ಒಳಗೆ ಬರುವ ಬಾಗಿಲು. ಹುಣಸೆಹುಳಿ ತಿಂದಾಗ ಹೊರಗೆ ಪ್ರೋಟಾನುಗಳು ಜಾಸ್ತಿಯಾಗಿ ಈ ಬಾಗಿಲಿನಿಂದ ಒಳಗೆ ನುಗ್ಗುತ್ತವೆ. ನವಸಾಗರವೂ ಇದೇ ಬಾಗಿಲನ್ನು ಬಳಸುತ್ತದೆ, ಆದರೆ ದಾರಿ ತಿರುಗಾಮುರುಗಾ. ಅಮೋನಿಯಾ ಸೀದಾ ಕೋಶದ ಒಳಗೆ ನುಸುಳಿ, ಅಲ್ಲಿದ್ದ ಪ್ರೋಟಾನುಗಳನ್ನು ಹಿಡಿದುಕೊಳ್ಳುತ್ತದೆ. ಒಳಗೆ ಪ್ರೋಟಾನು ಕಡಿಮೆಯಾದಾಗ ಹೊರಗಿನವು ಬರತೊಡಗುತ್ತವೆ. ಬಸ್‌ ಸ್ಟ್ಯಾಂಡಿನಲ್ಲಿ ನಿಂತವರು ಜಾಸ್ತಿಯಾದರೂ ಬಸ್ಸಿಗೆ ನುಗ್ಗುತ್ತಾರೆ, ಒಳಗೆ ಸೀಟು ಖಾಲಿಯಾದರೂ ನುಗ್ಗುತ್ತಾರೆ. ಎರಡಕ್ಕೂ ಬಾಗಿಲು ಒಂದೇ. ಜೊತೆಗೆ ಕಹಿ ಮತ್ತು ಉಪ್ಪಿನ ಕೋಶಗಳೂ ಎದ್ದು ಕೂರುವುದರಿಂದ ನಮಗದು ಬರೀ ಹುಳಿ ಅನಿಸುವುದಿಲ್ಲ.

ಓಟಾಪ್1 ಇದ್ದ ಇಲಿಗಳು ನವಸಾಗರದ ನೀರನ್ನು ದೂರವಿಟ್ಟವು. ಅದಿಲ್ಲದ ಇಲಿಗಳು ಹೆಚ್ಚು ತಲೆ ಕೆಡಿಸಿಕೊಳ್ಳದೆ ಕುಡಿದವು. ಕೋಳಿಯ ಓಟಾಪ್1 ಇನ್ನೂ ಚುರುಕಾಗಿತ್ತು, ಜೀಬ್ರಾ ಮೀನಿನದು ಮಂದ. ಈ ಭಾಗ ನನಗೆ ತುಂಬಾ ಹಿಡಿಸಿತು. ಕೋಳಿ ಕೆದರಿ ಹೆಕ್ಕುವ ನೆಲದಲ್ಲಿ ಅದರದ್ದೇ ಹಿಕ್ಕೆ ಬಿದ್ದಿರುತ್ತದೆ. ಹಿಕ್ಕೆಯಿಂದ ಅಮೋನಿಯಾ ಬರುತ್ತದೆ. ಅಮೋನಿಯಾ ಜಾಸ್ತಿಯಾದರೆ ದೇಹಕ್ಕೆ ವಿಷ. ನಮ್ಮ ಲಿವರ್ ದಿನವೂ ಅದನ್ನು ಯೂರಿಯಾ ಮಾಡಿ ಹೊರಗೆ ಕಳಿಸಬೇಕು. ಕೊಳೆತದ್ದನ್ನು, ಹೊಲಸನ್ನು ಬಾಯಿಂದಲೇ ಹೊರಗೆ ತಳ್ಳುವ ಒಂದು ಕಾವಲು ಇದಾಗಿರಬಹುದು.

ಹಾಗಾದರೆ ಫಿನ್‌ಲೆಂಡಿನವರು ಅದನ್ನು ಇಷ್ಟಪಡುವುದು ಹೇಗೆ? ಊಟದ ತಾಟಿನಲ್ಲಿ ರಂಜಕ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿ, ಇಲ್ಲದಿದ್ದರೆ ರೊಟ್ಟಿ ಇಳಿಯದ ನಮಗೆ ಈ ಪ್ರಶ್ನೆ ಬರಬಾರದು. ಖಾರ ನಾಲಿಗೆಯ ರುಚಿಯೇ ಅಲ್ಲ, ಸುಡುವ ನೋವು. ಬಿಸಿಯನ್ನು ತಿಳಿಸುವ ನರಗಳೇ ಮೆಣಸಿನಕಾಯಿಗೂ ಕೂಗುತ್ತವೆ. ಅದನ್ನು 1997ರಲ್ಲಿ ತೋರಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಬಂತು. ಯಾವ ಕೂಸೂ ರಂಜಕ ಬೇಡಿ ಹುಟ್ಟುವುದಿಲ್ಲ. ಮನೆಯವರೆಲ್ಲ ತಿನ್ನುವುದನ್ನು ನೋಡುತ್ತ, ತುದಿನಾಲಿಗೆಗೆ ಹಚ್ಚಿಕೊಳ್ಳುತ್ತ, ಇದರಿಂದ ಏನೂ ಆಗುವುದಿಲ್ಲ ಅಂತ ಮೈ ಕಲಿಯುತ್ತದೆ. ಅಲ್ಲಿನ ಮಕ್ಕಳೂ ಹಾಗೇ.

ಕೊನೆಗೆ ಬಂದ ಸಿಹಿ ಜ್ಯೇಷ್ಠಮಧುವಿನದು. ಅದರ ಬೇರಿನಲ್ಲಿರುವ ಗ್ಲಿಸಿರೈಜಿನ್ ಸಕ್ಕರೆಗಿಂತ 30ರಿಂದ 50 ಪಟ್ಟು ಸಿಹಿ. ಆದರೆ ಜಾಸ್ತಿ ತಿಂದರೆ ದೇಹ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಕಳೆದುಕೊಳ್ಳುತ್ತದೆ, ಬಿಪಿ ಏರುತ್ತದೆ. ಯುರೋಪಿನಲ್ಲಿ ಒಂದು ಕಿಲೋ ತಿನಿಸಿನಲ್ಲಿ ಇದು 4 ಗ್ರಾಂ ಅಥವಾ ಮೇಲಿದ್ದರೆ ಬಿಪಿ ಇರುವವರಿಗೆ ಡಬ್ಬಿ ಮೇಲೆ ಎಚ್ಚರಿಕೆ ಬರೆಯಲೇಬೇಕು. ಅವ್ವನಿಗೆ ಬಿಪಿ ಇದೆ. ಹೀಗಾಗಿ ಒಂದೇ ಸಾಕು ಅಂದೆ. ಇನ್ನೊಂದು ಮಾತು: ಅಂಗಡಿಯಲ್ಲಿ ಸಿಗುವ ಕಲಾಯಿಯ ನವಸಾಗರ ತಿನ್ನುವ ದರ್ಜೆಯದಲ್ಲ. ಅದರ ರುಚಿ ನೋಡಲು ಹೋಗಬೇಡಿ.

ಅವ್ವ ಎರಡನೆಯದನ್ನು ಕೇಳಲೂ ಇಲ್ಲ. ಎದ್ದು ಹೋಗಿ ಅಟ್ಟದ ಕಡೆ ಕತ್ತು ಎತ್ತಿ ನೋಡಿದಳು. ಹಳೆ ಮನೆಯಿಂದ ತಂದ ಹಿತ್ತಾಳೆ ಬೋಗುಣಿಗಳು ಅಲ್ಲೇ ಗೋಣಿಚೀಲದಲ್ಲಿವೆ. ಒಳಗಿನ ಕಲಾಯಿ ಸವೆದು ವರ್ಷಗಳಾಗಿವೆ. "ಅವನ್ನ ಇಳಿಸಿಕೊಡೋ" ಅಂದಳು ಮೊಮ್ಮಗನಿಗೆ. "ಕಲಾಯಿ ಹಾಕೋರು ಎಲ್ಲೆರೆ ಅದಾರೇನ ನೋಡ್ರಿ. ನೀ ಹೋಗೂದ್ರೊಳಗ ಅದ್ರಾಗ ಹುಗ್ಗಿ ಮಾಡ್ತೀನಿ."