ಚೀಸ್ ಯಾಕೆ ಒಡೆಯುತ್ತದೆ? ಲಿಂಬೆಹುಳಿ, ಸೋಡ ಮತ್ತು ಒಂದು ಬಟ್ಟಲು ಡಿಪ್

ಕಾಯಿಹಾಲಿನ ಪಾಯಸ ಮಾಡುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ದಪ್ಪಹಾಲು ಎರೆದ ಮೇಲೆ ಕೊತಕೊತ ಕುದಿಸಬಾರದು, ಒಡೆದುಹೋಗುತ್ತದೆ. ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಅಡುಗೆಮನೆಯಲ್ಲಿ ಚೆಡ್ಡಾರ್ ಚೀಸ್ ತುರಿದು, ಚಿಪ್ಸ್ ಅದ್ದಿ ತಿನ್ನಲು ಬಿಸಿಬಿಸಿ ಡಿಪ್ ಮಾಡಹೊರಟರೆ ಮಾತ್ರ ಉರಿ ಜೋರಾಗಿಬಿಡುತ್ತದೆ. ನೋಡನೋಡುತ್ತಿದ್ದಂತೆ ತಳದಲ್ಲಿ ರಬ್ಬರಿನಂಥ ಮುದ್ದೆ, ಮೇಲೆ ತೇಲುವ ಹಳದಿ ಎಣ್ಣೆ.

ಎರಡೂ ಕಡೆ ಮೂಲ ತೊಂದರೆ ಒಂದೇ. ಕೊಬ್ಬನ್ನು ನೀರಿನೊಡನೆ ಬೆರೆಸಿ ಹಿಡಿದಿಟ್ಟ ಪ್ರೋಟೀನ್ ಬಿಸಿ ಹೆಚ್ಚಾದಾಗ ಕೈಬಿಡುತ್ತದೆ. ಚೀಸಿನಲ್ಲಿ ಆ ಪ್ರೋಟೀನಿನ ಹೆಸರು ಕೇಸಿನ್. ಅದರ ಎಳೆಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಎಳೆಗೆ ಎಳೆ ಬೆಸೆಯುವುದು ಹಾಲಿನಲ್ಲೇ ಇರುವ ಕ್ಯಾಲ್ಸಿಯಂ. ಸುಮಾರು 40 ಡಿಗ್ರಿ ಸೆಲ್ಸಿಯಸ್ ತಲುಪುವಷ್ಟರಲ್ಲಿ ಒಳಗಿನ ಕೊಬ್ಬು ಪೂರ್ತಿ ಕರಗಿರುತ್ತದೆ. ಇನ್ನಷ್ಟು ಬಿಸಿಯಾದರೆ ಬಲೆ ಸಡಿಲಗೊಂಡು ಚೀಸ್ ಹರಿಯುತ್ತದೆ. ಅಲ್ಲಿಗೆ ನಿಲ್ಲಿಸದಿದ್ದರೆ ಎಳೆಗಳು ಒಂದಕ್ಕೊಂದು ಬಿಗಿದುಕೊಂಡು ನೀರನ್ನೂ ಕೊಬ್ಬನ್ನೂ ಹೊರಗೆ ಹಿಂಡುತ್ತವೆ.

ಹಾಗಾದರೆ ಮಾಡಬೇಕಾದದ್ದು ಕ್ಯಾಲ್ಸಿಯಂನ ಹಿಡಿತ ಸಡಿಲಿಸುವುದು. 1911ರಲ್ಲಿ ಸ್ವಿಟ್ಜರ್‌ಲೆಂಡಿನ ಥುನ್ ಊರಿನಲ್ಲಿ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಇದನ್ನೇ ಸಾಧಿಸಿದರು. ಅವರು ಬಳಸಿದ್ದು ಸೋಡಿಯಂ ಸಿಟ್ರೇಟ್ ಎಂಬ ಉಪ್ಪು. ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳುತ್ತದೆ, ಆ ಜಾಗಕ್ಕೆ ಸೋಡಿಯಂ ಬರುತ್ತದೆ. ಬಿಡಿಯಾದ ಕೇಸಿನ್ ಎಳೆಗಳು ನೀರು ಹೀರಿ, ಕೊಬ್ಬಿನ ಹನಿಗಳನ್ನು ಸುತ್ತುವರಿಯುತ್ತವೆ. ಸಿಟ್ರೇಟನ್ನು ಎಮಲ್ಸಿಫೈಯರ್, ಅಂದರೆ ಕೊಬ್ಬನ್ನೂ ನೀರನ್ನೂ ಬೆರೆಸಿ ಹಿಡಿದಿಡುವ ವಸ್ತು, ಎಂದು ಕರೆಯುವ ರೂಢಿಯಿದೆ. ನಿಜ ಹೇಳಬೇಕೆಂದರೆ ಆ ಕೆಲಸ ಮಾಡುವುದು ಕೇಸಿನ್ನೇ. ಸಿಟ್ರೇಟ್ ಅದರ ಕಟ್ಟು ಬಿಚ್ಚುತ್ತದೆ, ಅಷ್ಟೆ. 1916ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ ಸಂಸ್ಕರಿತ (ಪ್ರೊಸೆಸ್ಡ್) ಚೀಸಿಗೆ, ಅಂದರೆ ಹೀಗೆ ಕರಗಿಸಿ ಮತ್ತೆ ಗಟ್ಟಿಮಾಡಿದ ಚೀಸಿಗೆ, ಪೇಟೆಂಟ್ ಪಡೆದರು. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಕಾಣುತ್ತಿದ್ದ ನೀಲಿ ಡಬ್ಬಿಯ ಚೀಸಿನ ಮೇಲೆ ಇರುವುದು ಅವರದೇ ಹೆಸರು. ಈಗ ನಮ್ಮ ಅಂಗಡಿಗಳಲ್ಲಿ ಸಿಗುವ ಚೀಸ್ ಕ್ಯೂಬುಗಳೂ ಬಹುಪಾಲು ಸಂಸ್ಕರಿತವೇ. ಪ್ಯಾಕೆಟಿನ ಹಿಂಬದಿಯಲ್ಲಿ 331 ಎಂಬ ಸಂಖ್ಯೆ ಕಂಡರೆ ಅದು ಸಿಟ್ರೇಟ್. ಅಂಥ ಚೀಸನ್ನು ಹಾಲಿನಲ್ಲಿ ಸಣ್ಣ ಉರಿಯಲ್ಲಿ ಕದಡಿದರೆ ಸಾಕು, ಸುಲಭಕ್ಕೆ ಒಡೆಯದು.

ಸಂಸ್ಕರಿಸದ ಚೆಡ್ಡಾರ್ ಆದರೆ ಸಿಟ್ರೇಟನ್ನು ನಾವೇ ಮಾಡಿಕೊಳ್ಳಬಹುದು. 100 ಗ್ರಾಂ ಚೀಸಿಗೆ 30 ಮಿಲಿಲೀಟರ್ ಲಿಂಬೆರಸ ಬೇಕು. ಅದರಲ್ಲಿ ಸುಮಾರು ಒಂದೂವರೆ ಗ್ರಾಂ ಸಿಟ್ರಿಕ್ ಆಮ್ಲ ಇರುತ್ತದೆ. ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಅಡುಗೆ ಸೋಡ, ಅಂದರೆ ಸುಮಾರು ಎರಡು ಗ್ರಾಂ, ಸೇರಿಸಿದರೆ ಬುಸ್ಸೆಂದು ನೊರೆ ಉಕ್ಕುತ್ತದೆ, ಪಾತ್ರೆ ದೊಡ್ಡದಿರಲಿ. ಉಕ್ಕುವುದು ಇಂಗಾಲದ ಡೈಆಕ್ಸೈಡ್, ಉಳಿಯುವುದು ಸುಮಾರು ಎರಡು ಗ್ರಾಂ ಸಿಟ್ರೇಟ್. ನೊರೆ ಪೂರ್ತಿ ಇಳಿದ ಮೇಲೆ ನಾಲಿಗೆಗೆ ಒಂದು ಹನಿ ಹಚ್ಚಿ ನೋಡಿ. ಹುಳಿ ಹೆಚ್ಚುಕಡಿಮೆ ಮಾಯವಾಗಿ ಉಪ್ಪುಪ್ಪಾಗಿರಬೇಕು. ಹುಳಿ ಜೋರಾಗಿ ಉಳಿದಿದ್ದರೆ ಹಾಲು ಒಡೆಯುತ್ತದೆ, ಸೋಡ ಹೆಚ್ಚಾದರೆ ಸಾಬೂನಿನ ರುಚಿ. ಇದಕ್ಕೆ ಕಾಲು ಲೋಟ ಹಾಲು ಬೆರೆಸಿ, ಬೆಚ್ಚಗಾದ ಮೇಲೆ ತುರಿದ ಚೀಸನ್ನು ಹಿಡಿಹಿಡಿಯಾಗಿ ಹಾಕುತ್ತ ಕದಡಬೇಕು. ಬೇರೆ ಉಪ್ಪು ಬೇಡ.

ಚೀಸ್ ಇಲ್ಲದಿದ್ದರೆ ಪನೀರ್ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಕಾಯಿಸಿದ ಹಾಲಿಗೆ ಹುಳಿ ಹಿಂಡಿದಾಗ ಕ್ಯಾಲ್ಸಿಯಂನ ದೊಡ್ಡ ಪಾಲು ನೀರಿನೊಂದಿಗೆ ಹೋಗಿಬಿಡುತ್ತದೆ, ಪ್ರೋಟೀನುಗಳು ನೇರವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಿಚ್ಚಲು ಅಲ್ಲಿ ಕ್ಯಾಲ್ಸಿಯಂನ ಬೆಸುಗೆಯೇ ಇಲ್ಲ. ಪನೀರ್ ಕೆಂಪಗೆ ಹುರಿದೀತು, ಕರಗದು. ಮೊಜ್ಜರೆಲ್ಲಾ ಕರಗುತ್ತದೆ, ಆದರೆ ನೂಲಿನಂತೆ ಎಳೆಯುತ್ತದೆ. ಪಿಜ್ಜಾಕ್ಕೆ ಅದು ಚೆಂದ, ಅದ್ದಿ ತಿನ್ನಲು ಗಲೀಜು.

ಖಾರಕ್ಕೆ ಗಾಂಧಾರಿ ಮೆಣಸು ಜಜ್ಜಿ ಹಾಕಿ, ಸ್ವಲ್ಪ ಧಾರಾಳವಾಗಿಯೇ. ಮೆಣಸಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಕೊಬ್ಬಿನಲ್ಲಿ ಕರಗುವಂಥದ್ದು, ಕೇಸಿನ್ ಕೂಡ ಅದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಚಟ್ನಿಯಲ್ಲಿ ಉರಿಯುವಷ್ಟು ಇಲ್ಲಿ ಉರಿಯದು. ಅದ್ದಲು ನೇಂದ್ರ ಚಿಪ್ಸ್, ಮರಗೆಣಸಿನ ಚಿಪ್ಸ್ ಇದ್ದೇ ಇವೆ. ಮಳೆಗಾಲದಲ್ಲಾದರೆ ಉಪ್ಪುಸೊಳೆಯ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ, ಉಂಡ್ಲಕಾಳಿಗೆ (ರುಬ್ಬಿ ಸಣ್ಣ ಉಂಡೆ ಕಟ್ಟಿ ಕರಿದದ್ದು) ನನ್ನ ಓಟು, ಆದರೆ ಸೊಳೆಯ ಉಪ್ಪನ್ನು ಚೆನ್ನಾಗಿ ಬಿಡಿಸಿರಬೇಕು. ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಬಡಿಸಿ. ಆರಿ ಮಂದವಾದರೂ ಎರಡು ಚಮಚ ಬಿಸಿಹಾಲು ಎರೆದು ಕದಡಿದರೆ ಮತ್ತೆ ತೆಳ್ಳಗಾಗುತ್ತದೆ.