ಬೀರುವಿನಲ್ಲೇ ಉಳಿದ ಪ್ರಯೋಗಗಳು: ಖಿನ್ನತೆಯ ಮಾತ್ರೆಗಳ ವಾದ ಇಷ್ಟು ಗೋಜಲಾದದ್ದು ಹೇಗೆ?

ಖಿನ್ನತೆಯ ಮಾತ್ರೆಗಳ ಬಗ್ಗೆ ಬರುವ ಸುದ್ದಿಗಳನ್ನು ಓದಿಕೊಂಡು ಬಂದವರಿಗೆ ಯಾವುದನ್ನು ನಂಬಬೇಕೆಂದು ತಿಳಿಯದೆ ಹೋಗಿದ್ದರೆ ಅದು ಅವರ ತಪ್ಪಲ್ಲ. 2008ರಲ್ಲಿ ಬಂದ ಸುದ್ದಿ, ಈ ಮಾತ್ರೆಗಳಿಗೂ ಹುಸಿ ಮಾತ್ರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದಿತು. 2018ರ ಸುದ್ದಿ, ಮಾತ್ರೆಗಳು ಕೆಲಸ ಮಾಡುವುದು ಸಾಬೀತಾಯಿತು, ಇನ್ನು ವಾದ ಬೇಡ ಎಂದಿತು. 2022ರಲ್ಲಿ ಮತ್ತೊಂದು ಬಂತು: ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗುವುದರಿಂದ ಖಿನ್ನತೆ ಬರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲವಂತೆ. ಮೂರರ ಹಿಂದೆಯೂ ಇದ್ದದ್ದು ಒಂದೇ ಬಗೆಯ ಕೆಲಸ. ಹಿಂದೆ ನಡೆದ ಹತ್ತಾರು, ನೂರಾರು ಅಧ್ಯಯನಗಳನ್ನು ಹುಡುಕಿ, ಒಟ್ಟಿಗಿಟ್ಟು ತೂಗುವ ಕ್ರಮಬದ್ಧ ಪರಾಮರ್ಶೆ, ಅಂದರೆ ಸಿಸ್ಟಮ್ಯಾಟಿಕ್ ರಿವ್ಯೂ. ಒಂದೇ ದಾರಿಯಲ್ಲಿ ಹೊರಟವರು ಮೂರು ಊರು ತಲುಪಿದಂತೆ ಕಾಣುವುದೇಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕ್ಲಿನಿಕಲ್ ಟ್ರಯಲ್ ಎನ್ನುವುದು ಮೂಲದಲ್ಲಿ ಸರಳ. ಒಂದೇ ಕಾಯಿಲೆ ಇರುವವರನ್ನು ಚೀಟಿ ಎತ್ತುವ ಕ್ರಮದಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಮದ್ದು, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಹುಸಿ ಮಾತ್ರೆ ಕೊಡುತ್ತಾರೆ. ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೂ ಗೊತ್ತಿರುವುದಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿರುವುದಿಲ್ಲ. ಮನಸ್ಸಿನ ಕಾಯಿಲೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ. ಖಿನ್ನತೆಗೆ ಅಂಥದ್ದೇನೂ ಇಲ್ಲ. ನಿದ್ದೆ, ಹಸಿವು, ಕೆಲಸದಲ್ಲಿ ಆಸಕ್ತಿ, ಸಾಯುವ ಯೋಚನೆ ಹೀಗೆ ಒಂದೊಂದನ್ನೂ ಕೇಳಿ ಅಂಕ ಹಾಕುತ್ತಾರೆ. ಇಂದಿಗೂ ಬಳಕೆಯಲ್ಲಿರುವ ಹ್ಯಾಮಿಲ್ಟನ್ ಮಾಪನ 1960ರದು. ಹದಿನೇಳು ಅಂಶ, ಗರಿಷ್ಠ 52 ಅಂಕ. ಅಂಕ ಹಾಕುವವರಿಗೆ ಯಾರು ಯಾವ ಮಾತ್ರೆ ನುಂಗುತ್ತಿದ್ದಾರೆಂದು ತಿಳಿದರೆ ಅವರ ನಿರೀಕ್ಷೆಯೂ ಅಂಕದೊಳಗೆ ಸೇರಿಕೊಳ್ಳುತ್ತದೆ.

ಪ್ರಯೋಗವಿಲ್ಲದ ಕಾಲದಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ಇನ್ಸುಲಿನ್ ಕೋಮಾ ಸಾಕ್ಷಿ. 1930ರ ದಶಕದಲ್ಲಿ ವಿಯೆನ್ನಾದಲ್ಲಿ ಶುರುವಾದ ಪದ್ಧತಿ ಅದು. ಸ್ಕಿಜೋಫ್ರೀನಿಯ ಎಂಬ ತೀವ್ರ ಮನೋರೋಗ ಇದ್ದವರಿಗೆ ಇನ್ಸುಲಿನ್ ಚುಚ್ಚಿ ಪ್ರಜ್ಞೆ ತಪ್ಪಿಸುತ್ತಿದ್ದರು, ಆಮೇಲೆ ಗ್ಲೂಕೋಸ್ ಕೊಟ್ಟು ಎಚ್ಚರಿಸುತ್ತಿದ್ದರು. ಎರಡು ದಶಕ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಇದು ನಡೆಯಿತು, ಕೆಲವರು ಇದರಿಂದಲೇ ಸತ್ತರು. 1957ರಲ್ಲಿ ಇಂಗ್ಲೆಂಡಿನ ವೈದ್ಯರು ಇನ್ಸುಲಿನ್‌ನಿಂದ ಪ್ರಜ್ಞೆ ತಪ್ಪಿಸಿದವರನ್ನೂ ನಿದ್ದೆಮದ್ದಿನಿಂದ ಪ್ರಜ್ಞೆ ತಪ್ಪಿಸಿದವರನ್ನೂ ಹೋಲಿಸಿ ನೋಡಿದರು. ಫಲಿತಾಂಶದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅಷ್ಟೊಂದು ಮಂದಿ ಒಳ್ಳೆಯ ಮನಸ್ಸಿನ ವೈದ್ಯರು ಕಣ್ಣಾರೆ ಕಂಡೆವೆಂದು ನಂಬಿದ್ದ ಗುಣ ಇನ್ಸುಲಿನ್‌ನದಾಗಿರಲಿಲ್ಲ.

1950ರ ದಶಕದಿಂದ ಮುಂದಿನ ನಾಲ್ಕು ದಶಕಗಳಲ್ಲಿ ಸ್ಕಿಜೋಫ್ರೀನಿಯಕ್ಕೆ ಕ್ಲೋರ್‌ಪ್ರೊಮಜೀನ್ ಬಂತು, ಖಿನ್ನತೆಗೆ ಇಮಿಪ್ರಮೀನ್ ಬಂತು, ಪ್ರೊಜ್ಯಾಕ್ ಬಂತು, ಪ್ರಯೋಗಗಳು ಸಾವಿರಗಟ್ಟಲೆ ನಡೆದವು, ಅವುಗಳನ್ನು ಓದಿ ಮುಗಿಸುವುದು ಯಾವ ವೈದ್ಯರಿಂದಲೂ ಆಗದ ಮಾತಾಯಿತು. ಪ್ರತಿ ವಿಷಯದಲ್ಲೂ ನಡೆದ ಎಲ್ಲ ಪ್ರಯೋಗಗಳನ್ನು ಒಟ್ಟುಮಾಡಿ ಇಡಬೇಕೆಂಬ ಒತ್ತಾಯ ಬ್ರಿಟನ್ನಿನ ಆರ್ಚಿ ಕಾಕ್ರೇನ್ ಅವರದು. ಅವರ ಹೆಸರಿನಲ್ಲೇ 1993ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕಾಕ್ರೇನ್ ಸಹಯೋಗ ಹುಟ್ಟಿತು. ಅದರ ಸ್ಕಿಜೋಫ್ರೀನಿಯ ತಂಡದವರು ಐವತ್ತು ವರ್ಷಗಳ 2,000 ಪ್ರಯೋಗಗಳನ್ನು ಎದುರಿಗಿಟ್ಟುಕೊಂಡು 1998ರಲ್ಲಿ ಬರೆದ ವರದಿ ಓದಿದರೆ ಈಗಲೂ ಬೇಸರವಾಗುತ್ತದೆ. ಒಂದು ಪ್ರಯೋಗದಲ್ಲಿ ಸರಾಸರಿ 65 ಜನ. ರೋಗ ಅಳೆಯಲು ಬಳಸಿದ ಮಾಪನಗಳು 640. ಒಂದನ್ನು ಇನ್ನೊಂದರ ಜೊತೆ ಹೋಲಿಸುವುದು ಹೇಗೆ?

ಆದರೂ ಅಲ್ಲಿಯವರೆಗೆ ಇದ್ದ ಭಾವನೆ, ಇರುವ ಪುರಾವೆ ದುರ್ಬಲ ಎಂಬುದಷ್ಟೇ. ಪುರಾವೆಯ ಒಂದು ಭಾಗ ಹೊರಗೇ ಬಂದಿಲ್ಲ ಎಂಬುದು ಮುಂದಿನ ಹತ್ತು ವರ್ಷಗಳಲ್ಲಿ ಬಯಲಾಯಿತು. ಇಡೀ ವಾದದ ಗಂಟು ಇರುವುದು ಇಲ್ಲೇ.

2001ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ‘ಸ್ಟಡಿ 329’ ಪ್ರಕಟವಾಯಿತು. ಖಿನ್ನತೆ ಇದ್ದ 275 ಹದಿಹರೆಯದವರಿಗೆ ಎಂಟು ವಾರ ಪರಾಕ್ಸೆಟಿನ್, ಇಮಿಪ್ರಮೀನ್ ಅಥವಾ ಹುಸಿ ಮಾತ್ರೆ ಕೊಟ್ಟು ನಡೆಸಿದ ಪ್ರಯೋಗ. ಪರಾಕ್ಸೆಟಿನ್ ಈ ವಯಸ್ಸಿನವರಿಗೆ ಪರಿಣಾಮಕಾರಿ, ಸಾಮಾನ್ಯವಾಗಿ ತಡೆದುಕೊಳ್ಳಬಹುದಾದದ್ದು ಎಂದು ಲೇಖನ ತೀರ್ಮಾನಿಸಿತು. ಪ್ರಯೋಗ ಶುರುವಾಗುವ ಮೊದಲು ಮುಖ್ಯ ಅಳತೆಗಳೆಂದು ಬರೆದಿಟ್ಟಿದ್ದವು ಎರಡು. ಆ ಎರಡರಲ್ಲೂ ಮದ್ದು ಹುಸಿ ಮಾತ್ರೆಯನ್ನು ಮೀರಿಸಿರಲಿಲ್ಲ. ಲೇಖನ ಎತ್ತಿ ತೋರಿಸಿದ್ದು ಬೇರೆ ಅಳತೆಗಳನ್ನು. ಮಕ್ಕಳಲ್ಲಿ ಕಂಡ ಆತ್ಮಹತ್ಯೆಯ ಯೋಚನೆ, ತಮಗೆ ತಾವೇ ಗಾಯ ಮಾಡಿಕೊಂಡ ಘಟನೆಗಳು ‘ಭಾವನಾತ್ಮಕ ಅಸ್ಥಿರತೆ’ ಎಂಬ ತಲೆಬರಹದಡಿ ಅಡಗಿ ಕೂತಿದ್ದವು.

ಇದು ಹೊರಬೀಳುತ್ತಿದ್ದಂತೆ ಒಂದರ ಹಿಂದೊಂದು ಕದ ತೆರೆಯಿತು. 2003ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರು ಹದಿನೆಂಟರೊಳಗಿನವರ ಖಿನ್ನತೆಗೆ ಪರಾಕ್ಸೆಟಿನ್ ಬೇಡವೆಂದರು. 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪರಾಮರ್ಶೆ ಮಕ್ಕಳ ಮೇಲಿನ ಪ್ರಕಟಿತ ಮತ್ತು ಅಪ್ರಕಟಿತ ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟಿತು. ಅಪ್ರಕಟಿತ ಅಂಕಿಗಳನ್ನು ಸೇರಿಸಿದ ಮೇಲೂ ಲಾಭದ ಪಕ್ಕಕ್ಕೆ ತೂಗಿದ್ದು ಫ್ಲುಆಕ್ಸೆಟಿನ್ (ಪ್ರೊಜ್ಯಾಕ್) ಒಂದೇ. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 24 ಪ್ರಯೋಗಗಳನ್ನು ಕೂಡಿಸಿ ನೋಡಿತು. ಮಾತ್ರೆ ತೆಗೆದುಕೊಂಡ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಶೇ 4ರಷ್ಟು, ಹುಸಿ ಮಾತ್ರೆಯವರಲ್ಲಿ ಶೇ 2. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಮಾತ್ರೆಯ ವಿವರಣಾ ಪತ್ರದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು. 2015ರಲ್ಲಿ ಸ್ವತಂತ್ರ ತಂಡವೊಂದು ಸ್ಟಡಿ 329ರ ಮೂಲ ದಾಖಲೆಗಳನ್ನೇ ಪಡೆದು ಮತ್ತೆ ಲೆಕ್ಕ ಹಾಕಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ಗುಣವೂ ಇಲ್ಲ, ಸುರಕ್ಷಿತವೂ ಅಲ್ಲ ಎಂಬುದು ಅವರ ತೀರ್ಮಾನ. ನಡುವೆ ಕಳೆದದ್ದು ಹದಿನಾಲ್ಕು ವರ್ಷ. ಅಷ್ಟರಲ್ಲಿ ಆ ಮಕ್ಕಳೆಲ್ಲ ದೊಡ್ಡವರಾಗಿದ್ದರು.

ಹಾಗಾದರೆ ದೊಡ್ಡವರ ಮೇಲಿನ ಪ್ರಯೋಗಗಳ ಕಥೆ? ಎರಿಕ್ ಟರ್ನರ್ ಎಂಬ ಮನೋವೈದ್ಯರು ಹಿಂದೆ ಎಫ್‌ಡಿಎಯಲ್ಲಿ ಕೆಲಸ ಮಾಡಿದವರು. ವೈದ್ಯಕೀಯ ಪತ್ರಿಕೆಗಳಲ್ಲಿ ಎಂದೂ ಕಾಣದ ಪ್ರಯೋಗಗಳ ಕಡತಗಳು ಅಲ್ಲಿ ಇರುವುದು ಅವರಿಗೆ ಗೊತ್ತಿತ್ತು. ಮದ್ದಿಗೆ ಅನುಮತಿ ಬೇಕಾದರೆ ಕಂಪನಿಗಳು ಅನುಕೂಲವಾದದ್ದು, ಆಗದ್ದು ಎರಡನ್ನೂ ಅಲ್ಲಿಗೆ ಕೊಡಲೇಬೇಕು. ಅವರೂ ಸಹೋದ್ಯೋಗಿಗಳೂ 12 ಮದ್ದುಗಳ 74 ಪ್ರಯೋಗಗಳನ್ನು ತೆಗೆದುಕೊಂಡು ಎಫ್‌ಡಿಎ ಕಡತಕ್ಕೂ ಪ್ರಕಟಿತ ಲೇಖನಗಳಿಗೂ ತಾಳೆ ನೋಡಿದರು. ಭಾಗವಹಿಸಿದ ರೋಗಿಗಳು 12,564. ಎಫ್‌ಡಿಎ ಕಣ್ಣಿನಲ್ಲಿ 38 ಪ್ರಯೋಗಗಳು ಮದ್ದಿನ ಪರ, 36 ವಿರುದ್ಧ ಅಥವಾ ಅನುಮಾನದ್ದು. ಪರವಾಗಿದ್ದವುಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಅಚ್ಚಾಗಿದ್ದವು. ಉಳಿದ 36ರಲ್ಲಿ 22 ಅಚ್ಚೇ ಆಗಿರಲಿಲ್ಲ, 11 ಅಚ್ಚಾದರೂ ಗೆದ್ದಂತೆ ಬರೆಯಲ್ಪಟ್ಟಿದ್ದವು, ಇದ್ದದ್ದನ್ನು ಇದ್ದಹಾಗೆ ಹೇಳಿದವು ಮೂರೇ ಮೂರು. ಪತ್ರಿಕೆಗಳನ್ನಷ್ಟೇ ಓದಿದ ವೈದ್ಯರಿಗೆ ನೂರರಲ್ಲಿ 94 ಪ್ರಯೋಗಗಳು ಗೆದ್ದಂತೆ ಕಾಣುತ್ತಿತ್ತು; ಕಡತ ನೋಡಿದರೆ 51. ಗಂಡಿನ ಕಡೆಯ ನೆಂಟರನ್ನಷ್ಟೇ ವಿಚಾರಿಸಿ ಸಂಬಂಧ ಕುದುರಿಸಿದಂತೆ ಆಗಿತ್ತು ಅಲ್ಲಿಯವರೆಗಿನ ಎಷ್ಟೋ ಪರಾಮರ್ಶೆಗಳ ಪಾಡು.

ಯುರೋಪಿನಲ್ಲಿ ರೆಬಾಕ್ಸೆಟಿನ್ ಎಂಬ ಮದ್ದಿನ ಕಥೆ ಇನ್ನೂ ಗಂಭೀರ. ಜರ್ಮನಿಯ ಆರೋಗ್ಯ ಮೌಲ್ಯಮಾಪನ ಸಂಸ್ಥೆ ಪಟ್ಟುಹಿಡಿದು ಅಂಕಿಅಂಶ ತರಿಸಿಕೊಂಡಾಗ, ರೋಗಿಗಳ ಮಾಹಿತಿಯಲ್ಲಿ ಶೇ 74ರಷ್ಟು ಅಪ್ರಕಟಿತವಾಗಿತ್ತು. ಎಲ್ಲವನ್ನೂ ಕೂಡಿಸಿದ ಮೇಲೆ 2010ರಲ್ಲಿ ಹೊರಬಂದ ಉತ್ತರ, ಮದ್ದು ಹುಸಿ ಮಾತ್ರೆಗಿಂತ ಮೇಲಲ್ಲ ಎಂಬುದು. ಅದಾಗಲೇ ಹಲವು ದೇಶಗಳಲ್ಲಿ ವೈದ್ಯರು ಅದನ್ನು ಬರೆದುಕೊಡುತ್ತಿದ್ದರು.

ಇದಕ್ಕೆಲ್ಲ ಒಬ್ಬರತ್ತ ಬೆರಳು ತೋರಿಸಿದರೆ ಸುಲಭವಾಗುತ್ತದೆ, ಆದರೆ ನಿಜ ದೂರವಾಗುತ್ತದೆ. ಸೋತ ಪ್ರಯೋಗ ಪತ್ರಿಕೆಗೆ ರುಚಿಸುವುದಿಲ್ಲ, ಸಂಶೋಧಕರ ಬಡ್ತಿಗೆ ಒದಗುವುದಿಲ್ಲ, ಹಣ ಹಾಕಿದವರಿಗೆ ಬೇಕಿರುವುದಿಲ್ಲ. ಮಾತ್ರೆ ಮಾರುವವರಿಲ್ಲದ ಆಪ್ತಸಮಾಲೋಚನೆಯಲ್ಲೂ ಇದೇ ಆಗಿದೆ. ಅಮೆರಿಕದ ಸರ್ಕಾರಿ ಅನುದಾನದಲ್ಲಿ ನಡೆದ, ಖಿನ್ನತೆಗೆ ಮಾತಿನ ಚಿಕಿತ್ಸೆ ಕೊಟ್ಟ ಪ್ರಯೋಗಗಳನ್ನು 2015ರಲ್ಲಿ ಹುಡುಕಿದಾಗ ಸುಮಾರು ಕಾಲು ಭಾಗ ಪ್ರಕಟವಾಗಿರಲಿಲ್ಲ. ಅವನ್ನು ಸೇರಿಸಿದ ಕೂಡಲೇ ಚಿಕಿತ್ಸೆಯ ಪರಿಣಾಮವೂ ಸುಮಾರು ಕಾಲು ಭಾಗ ಇಳಿಯಿತು.

ಈಗ ಮೊದಲಿನ ಸುದ್ದಿಗಳನ್ನು ನೋಡೋಣ. 2008ರ ಪರಾಮರ್ಶೆಯಲ್ಲಿ ಮದ್ದಿಗೂ ಹುಸಿ ಮಾತ್ರೆಗೂ ಹ್ಯಾಮಿಲ್ಟನ್ ಮಾಪನದಲ್ಲಿ ಸಿಕ್ಕ ವ್ಯತ್ಯಾಸ 1.8 ಅಂಕ. ರೋಗಿಗೆ ಅರ್ಥಪೂರ್ಣವೆನಿಸಲು 3 ಅಂಕವಾದರೂ ಬೇಕೆಂಬ ಅಂದಿನ ಬ್ರಿಟಿಷ್ ಮಾನದಂಡದ ಎದುರು ಅದು ಕಡಿಮೆ. 2018ರ ಪರಾಮರ್ಶೆ ಬಲು ದೊಡ್ಡದು: 522 ಪ್ರಯೋಗ, 1,16,477 ಜನ, 21 ಮದ್ದು, ಅಪ್ರಕಟಿತವನ್ನೂ ಹುಡುಕಿ ಸೇರಿಸಿದ್ದು. ಎಲ್ಲ 21 ಮದ್ದುಗಳೂ ಹುಸಿ ಮಾತ್ರೆಗಿಂತ ಮೇಲೆಂದು ಅದು ಹೇಳಿತು. ಬೇರೆ ಬೇರೆ ಮಾಪನಗಳ ಫಲಿತಾಂಶ ಹೋಲಿಸಲು ಸಂಶೋಧಕರು ಬಳಸುವ ಪ್ರಮಾಣಿತ ಅಳತೆಗೆ ತಂದರೆ 2008ರ ಉತ್ತರ 0.32, 2018ರದು 0.30. ಹೆಚ್ಚುಕಡಿಮೆ ಒಂದೇ ಸಂಖ್ಯೆ! ಒಬ್ಬರು ಅದನ್ನು ‘ಸಾಲದು’ ಎಂದರು, ಇನ್ನೊಬ್ಬರು ‘ಇದೆ’ ಎಂದರು. ತಲೆಬರಹ ಬರೆದವರು ಎರಡನ್ನೂ ಯುದ್ಧ ಮಾಡಿದರು. 2022ರದು ಕಾಯಿಲೆಯ ಕಾರಣದ ಪ್ರಶ್ನೆ, ಮಾತ್ರೆ ಗುಣ ಕೊಡುತ್ತದೆಯೇ ಎಂಬುದರ ಉತ್ತರವೇ ಅಲ್ಲ.

0.30 ಎಂಬುದು ಸರಾಸರಿ. ಅದರೊಳಗೆ ಮಾತ್ರೆಯಿಂದ ಬದುಕು ಮರಳಿ ಪಡೆದವರೂ ಇದ್ದಾರೆ, ಏನೂ ಆಗದವರೂ ಇದ್ದಾರೆ. ಅಡ್ಡಪರಿಣಾಮ ತಾಳಲಾರದೆ ಬಿಟ್ಟವರೂ ಇದ್ದಾರೆ. ಇದನ್ನು ಓದಿ ಯಾರೂ ಮಾತ್ರೆಯನ್ನು ತಟ್ಟನೆ ನಿಲ್ಲಿಸಬಾರದು. ಬ್ರಿಟನ್ನಿನಲ್ಲಿ ದೀರ್ಘಕಾಲ ಮಾತ್ರೆ ತೆಗೆದುಕೊಂಡು ಚೇತರಿಸಿಕೊಂಡಿದ್ದ 478 ಜನರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಿಧಾನವಾಗಿ ಇಳಿಸಿ ನಿಲ್ಲಿಸಿದವರಲ್ಲೂ ಒಂದು ವರ್ಷದೊಳಗೆ ಶೇ 56 ಮಂದಿಗೆ ಖಿನ್ನತೆ ಮರುಕಳಿಸಿತು; ಮುಂದುವರಿಸಿದವರಲ್ಲಿ ಶೇ 39. ಇಂಥ ದೀರ್ಘ ಪ್ರಯೋಗಗಳು ಬೆರಳೆಣಿಕೆಯಷ್ಟು. ಜನ ಮಾತ್ರೆ ನುಂಗುವುದು ವರ್ಷಗಟ್ಟಲೆ, ಪ್ರಯೋಗ ನಡೆಯುವುದು ಸಾಮಾನ್ಯವಾಗಿ ಎಂಟು ವಾರ.

ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಜಾಗವಿದೆ. ನಿಮ್ಹಾನ್ಸ್‌ನ ವೈದ್ಯರು 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿಗೆ ನಿಜವಾದ ಶಾಕ್ ಚಿಕಿತ್ಸೆ ಮತ್ತು ಹುಸಿ ಮಾತ್ರೆ, ಇನ್ನೊಂದಕ್ಕೆ ಹುಸಿ ಶಾಕ್ ಮತ್ತು ಇಮಿಪ್ರಮೀನ್ ಕೊಟ್ಟು ಹೋಲಿಸಿದ್ದರು. ಬಹಳ ಜಾಣ ವಿನ್ಯಾಸ. 2000ದಲ್ಲಿ ಅಲ್ಲಿಯದೇ ಇನ್ನೊಂದು ಪ್ರಯೋಗ ಸುದರ್ಶನ ಕ್ರಿಯೆ (ಉಸಿರಾಟದ ಯೋಗ), ಶಾಕ್ ಚಿಕಿತ್ಸೆ, ಇಮಿಪ್ರಮೀನ್ ಮೂರನ್ನೂ ಹೋಲಿಸಿತು. ಒಟ್ಟು ರೋಗಿಗಳು 45. ಯೋಗವೂ ಇಮಿಪ್ರಮೀನ್‌ಗೆ ಹತ್ತಿರದ ಫಲ ಕೊಟ್ಟಿತೆಂಬ ಮಾತು ಅಲ್ಲಿಂದ ದೂರದವರೆಗೆ ಹಬ್ಬಿತು. ಗುಂಪಿಗೆ ಹದಿನೈದು ಜನರಿಂದ ಅಷ್ಟು ದೂರ ಹೋಗಬಾರದಿತ್ತು. ದೊಡ್ಡದಾಗಿ ಮಾಡಲು ನಮ್ಮ ದೇಶದಲ್ಲೂ ಆಗುತ್ತದೆ ಎಂಬುದನ್ನು ಗೋವಾ ತೋರಿಸಿತು. 2017ರಲ್ಲಿ ಪ್ರಕಟವಾದ ಅಲ್ಲಿಯ ಪ್ರಯೋಗದಲ್ಲಿ 495 ಮಂದಿ ಇದ್ದರು. ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಕೆಲವು ವಾರ ಸಮಾಲೋಚನೆ ಕೊಟ್ಟಾಗ ಮೂರು ತಿಂಗಳಿಗೆ ಶೇ 64 ಮಂದಿ ಚೇತರಿಸಿಕೊಂಡಿದ್ದರು. ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ ಅದು ಶೇ 39. ಬಳ್ಳಾರಿಯಲ್ಲೋ ಚಾಮರಾಜನಗರದಲ್ಲೋ ಮನೋವೈದ್ಯರಿಗಾಗಿ ಕಾಯುವವರ ಪಾಲಿಗೆ ಇಂಥ ಉತ್ತರದ ಬೆಲೆ ದೊಡ್ಡದು.

ನಿಯಮಗಳೂ ಬಂದಿವೆ. 2005ರಿಂದ, ಮೊದಲೇ ನೋಂದಾಯಿಸದ ಪ್ರಯೋಗವನ್ನು ಪ್ರಮುಖ ವೈದ್ಯಕೀಯ ಪತ್ರಿಕೆಗಳು ತೆಗೆದುಕೊಳ್ಳುವುದಿಲ್ಲ. ಭಾರತದ ಪ್ರಯೋಗ ನೋಂದಣಿ ಪಟ್ಟಿ ಸಿಟಿಆರ್‌ಐ 2007ರಲ್ಲಿ ತೆರೆಯಿತು, 2009ರ ಜೂನ್‌ನಲ್ಲಿ ನೋಂದಣಿ ಕಡ್ಡಾಯವಾಯಿತು. ಇದರಿಂದ ಫಲವೂ ಕಂಡಿದೆ. ಟರ್ನರ್ ತಂಡ 2022ರಲ್ಲಿ ಹೊಸ ನಾಲ್ಕು ಮದ್ದುಗಳ ಲೆಕ್ಕ ತೆಗೆದಾಗ, ಸೋತ ಪ್ರಯೋಗಗಳಲ್ಲಿ ಇದ್ದಹಾಗೆ ಪ್ರಕಟವಾದವು ಶೇ 47. ಹಳೆಯ ಮದ್ದುಗಳಲ್ಲಿ ಅದು ಸುಮಾರು ಶೇ 10 ಇತ್ತು. ಏರಿಕೆ ನಿಜ, ಅರ್ಧವೂ ಆಗಿಲ್ಲ ಎಂಬುದೂ ನಿಜ.

2017ರ ಮಾನಸಿಕ ಆರೋಗ್ಯ ಕಾಯ್ದೆ, ಸಂಶೋಧನೆಗೆ ಸೇರುವವರಿಂದ ತಿಳಿವಳಿಕೆಯ ಒಪ್ಪಿಗೆ ಪಡೆಯಲೇಬೇಕೆನ್ನುತ್ತದೆ. ಅದೇ ವರ್ಷ, ಪ್ರಯೋಗ ಮುಗಿದ ಮೇಲೆ ಫಲಿತಾಂಶವನ್ನು ಕಾಲಮಿತಿಯೊಳಗೆ ಹೊರಗಿಡುತ್ತೇವೆಂಬ ಅಂತರರಾಷ್ಟ್ರೀಯ ಜಂಟಿ ಹೇಳಿಕೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಹಿ ಹಾಕಿತು. ಖಿನ್ನತೆಯ ನಡುವೆಯೂ ‘ನನ್ನಿಂದ ಇನ್ನೊಬ್ಬರಿಗೆ ಉಪಕಾರವಾಗಲಿ’ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದವರಿಗೆ ಇದು ಸಲ್ಲಬೇಕಾದ ಕನಿಷ್ಠ ಸಾಲ. ಮನೆಯವರು ಯಾರಾದರೂ ಪ್ರಯೋಗಕ್ಕೆ ಸೇರುವುದಿದ್ದರೆ ಅದರ ಸಿಟಿಆರ್‌ಐ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಪಟ್ಟಿ ಎಲ್ಲರಿಗೂ ತೆರೆದಿದೆ. ಯಾವುದನ್ನು ಅಳೆಯುತ್ತೇವೆಂದು ಅವರು ಮೊದಲೇ ಹೇಳಿದ್ದರು ಎಂಬುದನ್ನು ಅಲ್ಲಿ ಓದಬಹುದು. ಲೇಖನ ಬಂದಾಗ ಅದನ್ನೇ ಅಳೆದಿದ್ದಾರೆಯೇ ಎಂದು ತಾಳೆ ನೋಡಬಹುದು. ಬರದೇ ಹೋದರೆ ಏಕೆ ಬರಲಿಲ್ಲವೆಂದು ಕೇಳಬಹುದು.